ಅಪ್‌ಡೇಟ್: ರಾಯಚೂರಲ್ಲಿ ಕಾರಿನ ಕಪ್ಪು ಗಾಜಿಗೆ ಪೊಲೀಸರು ಹಿಡಿದಿದ್ದು

ಸೆಕೆಂಡ್ ಹ್ಯಾಂಡ್ ಕಾರಿಗೆ ಹಳೇ ಮಾಲೀಕರು ಗಾಜಿಗೆ ಅಂಟಿಸಿದ್ದ ಕಪ್ಪು ಫಿಲ್ಮ್ ನೋಡಿ ಪೊಲೀಸರು ತಡೆದರು, ದಂಡ ಕಟ್ಟಬೇಕಾ ಅಂತ ಮೊನ್ನೆ ಕೇಳಿದ್ದೆನಲ್ಲ? ಕಟ್ಟಿದೆ. 500 ರೂಪಾಯಿ, ರಸೀದಿ ಸಮೇತ.

ಮುಂದಿನ ಹಿಂದಿನ ಗಾಜಲ್ಲಿ 70, ಪಕ್ಕದ ಗಾಜಲ್ಲಿ 50 ಪರ್ಸೆಂಟ್ ಬೆಳಕು ಹಾಯ್ದರೆ ಸಾಕು ಅಂತ ವಾದಿಸಿ ಅಂದಿದ್ರಿ ಕೆಲವರು. ವಾದಿಸಿದೆ. ಆ ಲೆಕ್ಕ ಕಂಪನಿಯಿಂದಲೇ ಬಣ್ಣ ಬಂದ ಗಾಜಿಗೆ ಅಂದರು ಪೊಲೀಸರು. ಮೇಲೆ ಅಂಟಿಸುವ ಫಿಲ್ಮ್ ಎಷ್ಟೇ ತೆಳುವಾಗಿದ್ದರೂ ಬೇಡ ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಫಿಲ್ಮ್ ಪರವಾಗಿ ಬಂದ 2024ರ ಕೇರಳ ಹೈಕೋರ್ಟ್ ತೀರ್ಪನ್ನೂ ಫೋನಲ್ಲಿ ತೋರಿಸಿದೆ. "ಕೇರಳಕ್ಕೆ ಹೋದಾಗ ತೋರ್ಸಪ್ಪ" ಅಂದರು ಸಾಹೇಬರು! ನಗು ತಡೆದುಕೊಂಡೆ.

ನಿಜವಾದ ತಲೆನೋವು ಫಿಲ್ಮ್ ಕೀಳೋದು. ಬಿಸಿಲಿಗೆ ಒಣಗಿ ಚೂರು ಚೂರಾಗಿ ಬರುತ್ತಿತ್ತು. ಅಂಗಡಿಯವನು ಬಿಸಿಗಾಳಿ ಬಿಟ್ಟು ಮೆತ್ತಗೆ ಮಾಡಿ, ಮೂಲೆಯಿಂದ ನಿಧಾನ ಎಳೆದ. ಉಳಿದ ಅಂಟಿಗೆ ಸೋಪು ನೀರು. ಹಿಂದಿನ ಗಾಜಲ್ಲಿ ಮಾತ್ರ ಬ್ಲೇಡ್ ಮುಟ್ಟಿಸಬೇಡಿ, ಮಂಜು ಕರಗಿಸುವ ಸಣ್ಣ ತಂತಿಗೆರೆ ಕಿತ್ತು ಹೋಗುತ್ತವೆ.

ಹಾಗಾದ್ರೆ ಬಿಸಿಲಿಗೇನು ಮಾಡ್ತೀಯ ಅಂತೀರಾ? ರಾಯಚೂರಿನ ಮೇ ತಿಂಗಳು ನಿಮಗೂ ಗೊತ್ತಲ್ವಾ. ನಿಲ್ಲಿಸಿದಾಗ ಮುಂದಿನ ಗಾಜಿಗೆ ಬೆಳ್ಳಿ ಬಣ್ಣದ ಶೇಡ್ ಇಡ್ತೀನಿ. ಹೊರಡುವ ಮುಂಚೆ ಬಾಗಿಲು ತೆರೆದು ಬಿಸಿಗಾಳಿ ಹೊರಗೆ ಬಿಟ್ಟು, ಆಮೇಲೆ ಎಸಿ. ಪಕ್ಕದ ಜಾಲರಿ ಪರದೆ ಕೂಡ ಓಡಿಸುವಾಗ ತೆಗೀತೀನಿ, ಸುಮ್ನೆ ಇನ್ನೊಂದು ರಸೀದಿ ಯಾಕೆ?