ಕೊನೇ ಸಾಲು ತಪ್ಪು, ಭಾವ

ಭಾವ: [ಫಾರ್ವರ್ಡ್ ಆದ ಚಿತ್ರ: ರೈಫಲ್ ಮೇಲಿನ ಸ್ಕೋಪ್, ಅಂದ್ರೆ ಗುರಿ ನೋಡೋ ದುರ್ಬೀನಿನಿಂದ ದೂರ ಅಳೆಯೋದು. ರೆಟಿಕಲ್ ಅಂದ್ರೆ ಅದರೊಳಗೆ ಕಾಣೋ ಅಳತೆ ಗೆರೆಗಳು; ಮಿಲ್ ಅಂದ್ರೆ ಕೋನದ ಅಳತೆ, 1000 ಮೀಟರ್ ದೂರದಲ್ಲಿ 1 ಮೀಟರ್] ‘ಗುರಿಯ ಎತ್ತರ (ಮೀಟರ್) × 1000 ÷ ರೆಟಿಕಲ್‌ನಲ್ಲಿ ಕಂಡ ಮಿಲ್ = ದೂರ. ಯಾವ ಸ್ಕೋಪ್ ಆದ್ರೂ, ಯಾವ ಜೂಮ್ ಆದ್ರೂ ಸರಿ.’

ಭಾವ: ಎಲ್ಲರೂ ಸೇವ್ ಮಾಡ್ಕೊಳ್ಳಿ 👍

ನಾನು: ಭಾವ, ಸೂತ್ರ ಸರಿ ಇದೆ. ಕೊನೇ ಸಾಲು ತಪ್ಪು. ದಯವಿಟ್ಟು ಬೇರೆ ಕಡೆ ಕಳಿಸ್ಬೇಡಿ.

ಚಿಕ್ಕಪ್ಪ: ಏನೋ ತಪ್ಪು? ಇಷ್ಟು ವರ್ಷ ಹೀಗೇ ಅಳ್ದಿದೀನಿ, ಒಂದ್ಸಲಾನೂ ಕೈ ಕೊಟ್ಟಿಲ್ಲ. ಗಾಜಿನ ಮೇಲೆ ಕೆತ್ತಿರೋ ಗೆರೆ ಹೇಗೋ ಬದಲಾಗತ್ತೆ?

ನಾನು: ಗೆರೆ ಬದಲಾಗಲ್ಲ ಚಿಕ್ಕಪ್ಪ, ತೊಂದರೆ ಅದೇ. ನಿಮ್ಮದು ಸೆಕೆಂಡ್ ಫೋಕಲ್ ಪ್ಲೇನ್ ಸ್ಕೋಪ್. ಜೂಮ್ ಇಳಿಸಿದ್ರೆ ಗುರಿ ಚಿಕ್ಕದಾಗತ್ತೆ, ರೆಟಿಕಲ್ ಇದ್ದ ಹಾಗೇ ಇರತ್ತೆ. ಗೆರೆಗಳ ಅಳತೆ ಸರಿ ಇರೋದು ಫುಲ್ ಜೂಮ್‌ನಲ್ಲಿ ಮಾತ್ರ. ನೀವು ಯಾವಾಗ್ಲೂ ಅಲ್ಲೇ ನೋಡ್ತೀರಿ, ಅದಕ್ಕೇ ಇದುವರೆಗೆ ಗೊತ್ತಾಗಿಲ್ಲ.

ನಾನು: ಅರ್ಧ ಮೀಟರ್ ಹಲಗೆ 500 ಮೀಟರ್ ದೂರದಲ್ಲಿದೆ ಅಂದ್ಕೊಳ್ಳಿ. ಫುಲ್ ಜೂಮ್ 20ರಲ್ಲಿ 1 ಮಿಲ್ ಕಾಣತ್ತೆ. 10ಕ್ಕೆ ಇಳಿಸಿದ್ರೆ ಅರ್ಧ ಮಿಲ್. ಸೂತ್ರ 1000 ಮೀಟರ್ ಅನ್ನತ್ತೆ! ಅದನ್ನ ನಂಬಿ ಟರೆಟ್ (ಸ್ಕೋಪ್ ಮೇಲಿನ ಗುರಿ ಹೊಂದಿಸೋ ತಿರುಗುಗುಂಡಿ) ತಿರುಗಿಸಿದ್ರೆ ಗುಂಡು ಹಲಗೆಯಿಂದ ಮೀಟರ್‌ಗಟ್ಟಲೆ ಮೇಲೆ ಹೋಗತ್ತೆ. ಹಿಂದಿನ ಮಣ್ಣಿನ ದಿಬ್ಬವನ್ನೂ ದಾಟಿಬಿಟ್ರೆ?

ಅಕ್ಕ: ನನ್ನದರಲ್ಲಿ ಜೂಮ್ ಏರಿಸಿದ್ರೆ ಗೆರೆಗಳೂ ದಪ್ಪ ಆಗ್ತವಲ್ಲೋ?

ನಾನು: ನಿನ್ನದು ಫಸ್ಟ್ ಫೋಕಲ್ ಪ್ಲೇನ್ ಅಕ್ಕ. ಗುರಿ ಜೊತೆ ರೆಟಿಕಲ್ಲೂ ಹಿಗ್ಗತ್ತೆ. ನಿನಗೆ ಆ ಸಾಲು ಸರಿಯೇ. ಕಡಿಮೆ ಜೂಮ್‌ನಲ್ಲಿ ಗೆರೆ ಕೂದಲೆಳೆಯಷ್ಟಾಗಿ ಓದೋದು ಕಷ್ಟ, ಅಷ್ಟೇ.

ಭಾವ: ಗಾಳಿಗೆ ಪಕ್ಕಕ್ಕೆ ಹಿಡಿಯೋವಾಗಲೂ ಹೀಗೇನಾ?

ನಾನು: ಹೌದು. ಚಿಕ್ಕಪ್ಪನಂಥ ಸ್ಕೋಪ್ ಆದ್ರೆ ಅರ್ಧ ಜೂಮ್‌ನಲ್ಲಿ 1 ಮಿಲ್ ಗೆರೆ ನಿಜಕ್ಕೂ 2 ಮಿಲ್. ಟರೆಟ್ ಒಂದೊಂದು ಕ್ಲಿಕ್‌ಗೆ ಎಷ್ಟು ಸರಿಸತ್ತೆ ಅನ್ನೋದು ಮಾತ್ರ ಜೂಮ್‌ಗೆ ಬದಲಾಗಲ್ಲ.

ಭಾವ: ಹಾಗಿದ್ರೆ ಕ್ಲಿಕ್ಕೇ ವಾಸಿ. ನನ್ನದು ಕ್ಲಿಕ್‌ಗೆ 1/4 ಎಂಒಎ (ಮಿನಿಟ್ ಆಫ್ ಆ್ಯಂಗಲ್, ಡಿಗ್ರಿಯ ಅರವತ್ತನೇ ಒಂದು ಭಾಗ). ಗುಂಡು 2 ಮಿಲ್ ಕೆಳಗೆ ಬಿದ್ರೆ 8 ಕ್ಲಿಕ್ ಮೇಲೆ.

ನಾನು: ಅಯ್ಯೋ ಅಲ್ಲ ಭಾವ! 1 ಮಿಲ್ ಅಂದ್ರೆ ಸುಮಾರು 3.44 ಎಂಒಎ. 2 ಮಿಲ್‌ಗೆ 6.88, ಅಂದ್ರೆ 27–28 ಕ್ಲಿಕ್. ರೆಟಿಕಲ್ ಒಂದು ಅಳತೆ, ಟರೆಟ್ ಇನ್ನೊಂದು ಇದ್ರೆ ಹೀಗೇ ಎಡವೋದು.

ಅಕ್ಕ: ನಂದು ಎರಡೂ ಮಿಲ್, 0.1ರ ಕ್ಲಿಕ್. 2 ಮಿಲ್ ಕಂಡ್ರೆ 20 ಕ್ಲಿಕ್. ಎಷ್ಟು ದೂರ, ಎಷ್ಟು ಸೆಂಟಿಮೀಟರ್ ಅಂತ ಲೆಕ್ಕವೇ ಬೇಡ.

ಚಿಕ್ಕಪ್ಪ: ನಾನು ಕಣ್ಣಾರೆ ನೋಡದೆ ಒಪ್ಪಲ್ಲ.

ನಾನು: 100 ಮೀಟರ್ ದೂರದ ಹಲಗೆ ಮೇಲೆ 1 ಮೀಟರ್ ಅಂತರದಲ್ಲಿ ಎರಡು ಟೇಪ್ ಅಂಟಿಸಿ. ಸರಿಯಾಗಿ 10 ಮಿಲ್ ಬರಬೇಕು. ಆಮೇಲೆ ಜೂಮ್ ಇಳಿಸಿ ನೋಡಿ. ಗುಂಡು ಹಾರಿಸೋದೇ ಬೇಡ.

[ಮರುದಿನ]

ಚಿಕ್ಕಪ್ಪ: ನೋಡ್ಬಂದೆ. 20ರಲ್ಲಿ 10 ಮಿಲ್, 10ರಲ್ಲಿ 5. ಅಳಿಯಂದ್ರೇ, ಆ ಚಿತ್ರ ತೆಗೀರಿ.

ಭಾವ: ಇನ್ನೆರಡು ಗುಂಪಿಗೂ ಹಾಕಿದ್ದೆ. ಅಲ್ಲೂ ಅಳಿಸಿ, ತಪ್ಪು ಏನು ಅಂತ ಬರೀತೀನಿ.