ಅಪ್‌ಡೇಟ್: ಅಪ್ಪನ ಖಾತೆಯ ಜಿಪಿಎ (ಅವರ ಪರವಾಗಿ ವ್ಯವಹರಿಸಲು ಬರೆದುಕೊಡುವ ಅಧಿಕಾರ ಪತ್ರ) ಕೆಲಸ ಮುಗಿಯಿತು

ಲಕ್ವ ಹೊಡೆದು ಅಪ್ಪನ ಬಲಗೈ ಸ್ವಾಧೀನ ತಪ್ಪಿದೆ, ಸಹಿ ಹಾಕಲು ಆಗುತ್ತಿಲ್ಲ, ಅವರ ಪಿಂಚಣಿ ಹಣ ತೆಗೆಯುವುದು ಹೇಗೆ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.

ಮೊದಲ ತಿಂಗಳು ಹೆಬ್ಬೆಟ್ಟಿನಿಂದಲೇ ಸಾಗಿತು. ಇಬ್ಬರು ಸಾಕ್ಷಿಗಳಿರಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿ. ಶಾಖೆಯಿಂದ ಒಬ್ಬರು ಮನೆಗೇ ಬಂದರು. ಆಮೇಲೆ ಜಿಪಿಎ ನೋಂದಣಿ. ಹಾಸಿಗೆ ಹಿಡಿದವರಿದ್ದರೆ ಉಪನೋಂದಣಾಧಿಕಾರಿಯೂ ಮನೆಗೆ ಬರಬಹುದು, ಅರ್ಜಿ ಕೊಡಬೇಕು ಅಷ್ಟೇ. ಇದು ನನಗೆ ಗೊತ್ತೇ ಇರಲಿಲ್ಲ.

ವಕೀಲರು ಹೇಳಿದ ಒಂದು ಮಾತು ಮಾತ್ರ ಎದೆಯಲ್ಲಿ ಕೂತಿದೆ. 1872ರ ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ, ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಜಿಪಿಎ ಅಲ್ಲಿಗೇ ಮುಗಿಯುತ್ತದೆ. ತೀರಿಕೊಂಡರೂ ಅಷ್ಟೇ. ನಮಗೆ ಜಾಸ್ತಿ ಬೇಕಾಗುವ ಹೊತ್ತಿಗೇ ಅದು ಇರುವುದಿಲ್ಲ, ಅಲ್ವಾ? ಬುದ್ಧಿ ಸ್ಥಿಮಿತ ತಪ್ಪಿದಾಗ ಪೋಷಕರ (ಗಾರ್ಡಿಯನ್) ನೇಮಕಕ್ಕೆ ಕೋರ್ಟಿಗೇ ಹೋಗಬೇಕು. ಅದಕ್ಕೇ ಅಪ್ಪನಿಗೆ ಎಲ್ಲ ಅರ್ಥವಾಗುತ್ತಿರುವಾಗಲೇ ನಾಮಿನಿ ಹೆಸರನ್ನೂ ಸರಿಪಡಿಸಿಕೊಂಡೆವು.

ಈಗ ಪ್ರತಿ ಖರ್ಚನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದು, ರಸೀದಿ ಅಂಟಿಸಿ, ತಿಂಗಳಿಗೊಮ್ಮೆ ಅಪ್ಪನಿಗೆ ಓದಿ ಹೇಳುತ್ತೇನೆ. ತಂಗಿಗೂ ಫೋಟೋ ಕಳಿಸುತ್ತೇನೆ. ಹಣ ಅವರದು.