ಅಪ್‌ಡೇಟ್: ಪರ್ಸನಲ್ ಮಿಕ್ಸರ್‌ನಲ್ಲಿ ಕೊನೆಗೂ ಧ್ವನಿ ಬಂದಿತು

ಕಲಬುರಗಿಯ ನಮ್ಮ ವಚನ ಗಾಯನ ತಂಡದ 16 ಚಾನೆಲ್‌ಗಳ ಪರ್ಸನಲ್ ಮಿಕ್ಸರ್‌ನ (ಕಲಾವಿದರು ತಮ್ಮ ಕಿವಿಗೆ ಬೇಕಾದಂತೆ ಧ್ವನಿ ಹೊಂದಿಸಿಕೊಳ್ಳುವ ಪೆಟ್ಟಿಗೆ) ದೀಪ ಉರಿದರೂ ಹೆಡ್‌ಫೋನ್‌ನಲ್ಲಿ ಸದ್ದೇ ಇಲ್ಲವೆಂದು ಕಳೆದ ವಾರ ಕೇಳಿದ್ದೆ. ಕೇಬಲ್ ಬದಲಿಸಿ ಎಂಬ ಸಲಹೆ ಫಲಿಸಲಿಲ್ಲ. ಮುಖ್ಯ ಮಿಕ್ಸಿಂಗ್ ಕನ್ಸೋಲ್‌ಗೂ ಅದಕ್ಕೂ ನಡುವೆ ಮನೆಯ ನೆಟ್‌ವರ್ಕ್ ಸ್ವಿಚ್ ಇಟ್ಟದ್ದೂ ವ್ಯರ್ಥವಾಯಿತು, ಏಕೆಂದರೆ ಪರ್ಸನಲ್ ಮಿಕ್ಸರ್‌ಗೆ ಧ್ವನಿ ಒಯ್ಯುವ ಅಲ್ಟ್ರಾನೆಟ್ ಸಂಪರ್ಕಕ್ಕೆ ನೆಟ್‌ವರ್ಕ್‌ನ ಬಗೆಯದೇ ಕೇಬಲ್ ಬೇಕಾದರೂ ಅದು ಕಂಪ್ಯೂಟರ್ ನೆಟ್‌ವರ್ಕ್ ಅಲ್ಲ. ಕೆಲಸಕ್ಕೆ ಬಂದದ್ದು ಸಾಕೆಟ್‌ನ ಮೇಲಿನ ಹೆಸರು ಓದಿ ಎಂದವರ ಮಾತು: ಕನ್ಸೋಲ್‌ನ ಹಿಂದೆ ನೋಡಲು ಒಂದೇ ತೆರನಾದ ಸಾಕೆಟ್‌ಗಳಲ್ಲಿ ನಾನು, ಟಾರ್ಚ್ ಕೂಡ ಹಿಡಿಯದೆ, ವೇದಿಕೆಯ ಇನ್‌ಪುಟ್ ಪೆಟ್ಟಿಗೆಯಂಥವನ್ನು ಜೋಡಿಸುವ ಎಇಎಸ್50 ಸಾಕೆಟ್‌ಗೆ ಕೇಬಲ್ ಸಿಕ್ಕಿಸಿದ್ದೆ. ಅಲ್ಟ್ರಾನೆಟ್‌ಗೆ ಬದಲಿಸಿದೊಡನೆ ತಬಲಾ ಕೇಳಿಸಿತು. ಅಚ್ಚರಿಯೆಂದರೆ, ಕನ್ಸೋಲ್‌ನಲ್ಲಿ ಫೇಡರ್ (ಧ್ವನಿಯ ಮಟ್ಟ ಬದಲಿಸುವ ಜಾರುಗುಂಡಿ) ಇಳಿಸಿದಾಗಲೆಲ್ಲ ಹಾರ್ಮೋನಿಯಂ ವಾದಕರ ಕಿವಿಯಲ್ಲೂ ಧ್ವನಿ ಇಳಿಯುತ್ತಿತ್ತು. ರೂಟಿಂಗ್‌ನಲ್ಲಿ (ಯಾವ ಧ್ವನಿ ಎಲ್ಲಿಗೆ ಹೋಗಬೇಕೆಂಬ ಸೆಟ್ಟಿಂಗ್) ಆಯಾ ಚಾನೆಲನ್ನು ಪ್ರೀ-ಫೇಡರ್, ಅಂದರೆ ಫೇಡರ್‌ಗೆ ಮೊದಲೇ ಧ್ವನಿ ಹೋಗುವಂತೆ, ಮಾಡಿದ ಮೇಲೆ ಅದು ನಿಂತಿತು.